ಪರದೆಯಂಚಿನ ನಾಲ್ಕು ಗುಂಡು

ಸಿಗ್ನೆ ಟ್ವೇಟ್‌ಗೆ ಅರವತ್ತೈದು ತುಂಬಿದ ವರ್ಷ ಆಕೆಯ ಅಡುಗೆಮನೆಯ ಗೂಡಿನಲ್ಲಿ ಹನ್ನೊಂದು ತವರದ ಲೋಟಗಳಿದ್ದವು. ಹನ್ನೊಂದಕ್ಕೂ ಒಂದೇ ಥರದ ಹಿಡಿ, ಒಂದೇ ಹೊಳಪು, ಹೊಟ್ಟೆಯ ಮೇಲೆ ಒಂದೇ ಬರಹ: 'ಎರಡನೇ ಸ್ಥಾನ'. ಬದಲಾಗುತ್ತಿದ್ದದ್ದು ಇಸವಿ ಮಾತ್ರ. ನೋಡಿದವರು ಭೇಷ್ ಅನ್ನುತ್ತಿದ್ದರು. ಆಕೆಗೆ ಮಾತ್ರ ಬೆಳಗ್ಗೆ ಕಾಫಿ ಕಾಯಿಸುವಾಗ ಹನ್ನೊಂದು ಜನ ಸಾಲಾಗಿ ನಿಂತು ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು.

ವಿಲೋಕಟ್ ಎಂಬ ನಮ್ಮೂರು ಮೊಂಟಾನಾ ಸೀಮೆಯ ಗೋಧಿ ಬಯಲಿನ ನಡುವೆ ಇದೆ. ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಒಂದು ಕಬ್ಬಿಣದ ಕಾಡುಕೋಣ ನಿಂತಿದೆ. ಹಳೆಯ ಬಾಯ್ಲರಿನ ತಗಡನ್ನು ಕತ್ತರಿಸಿ ಕಮ್ಮಾರನೊಬ್ಬ 1921ರಲ್ಲಿ ಮಾಡಿದ್ದು. ಪ್ರತಿ ಸೆಪ್ಟೆಂಬರಿನಲ್ಲಿ ಕೊಯ್ಲು ಮುಗಿದ ಮೊದಲ ಶನಿವಾರ, ಐನೂರು ಗಜದಾಚೆ ಕೂತು ಅಜ್ಜಂದಿರ ಕಾಲದ ಕಪ್ಪುಮದ್ದಿನ ಕೋವಿಯಿಂದ ಅದನ್ನು ಹೊಡೆಯಬೇಕು. ಒಬ್ಬೊಬ್ಬರಿಗೆ ಹತ್ತು ಗುಂಡು. ತಗುಲಿ ಠಣ್ ಅಂದರೆ ಸಾಲದು, ಕೋಣ ಬೀಳಬೇಕು. ಬಿದ್ದರೆ ಹಗ್ಗ ಎಳೆದು ಮತ್ತೆ ನಿಲ್ಲಿಸುತ್ತಾರೆ. ಗುಂಡನ್ನು ಅಂಗಡಿಯಿಂದ ತರುವ ಹಾಗಿಲ್ಲ, ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ದಿರಬೇಕು. ಇಷ್ಟೇ ನಿಯಮ. ಇಷ್ಟಕ್ಕೇ ನಮ್ಮೂರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಕ್ಲಬ್ಬಿನ ಮನೆಯೊಳಗೆ, ಒಲೆಯ ಮೇಲ್ಗಡೆ, ಪೈನ್ ಮರದ ಒಂದು ಉದ್ದನೆಯ ಹಲಗೆ ಇದೆ. ಗೆದ್ದವರ ಹೆಸರು ಅದರ ಮೇಲೆ. ಇಸವಿಯ ಪಕ್ಕದಲ್ಲಿ ಎರಡು ಕಲಂ: 'ಗುರಿ' ಮತ್ತು 'ಎರಕ'. ಹೊಡೆದವರು ಯಾರು, ಕೊನೆಯದಾಗಿ ಕೋಣ ಕೆಡವಿದ ಗುಂಡನ್ನು ಎರೆದವರು ಯಾರು. ಹಲಗೆ ಮಾಡಿದವರು ನ್ಯಾಯವಂತರು, ಎರಕದ ಕೈಗೂ ಮರ್ಯಾದೆ ಸಲ್ಲಲಿ ಅಂದುಕೊಂಡಿದ್ದರು. ಆದರೆ ಹೆಸರು ಬರೆಸುವವರೂ ನ್ಯಾಯವಂತರಾಗಿರಬೇಕಲ್ಲ!

ಸಿಗ್ನೆಯ ಅಪ್ಪ ಹಾಲ್ವರ್ ಆ ಹಲಗೆಯಲ್ಲಿ ನಾಲ್ಕು ಸಲ ಇದ್ದಾನೆ. ನಾಲ್ಕು ಸಲವೂ ಗುರಿ: ಹಾಲ್ವರ್ ಟ್ವೇಟ್. ಎರಕ: ಹಾಲ್ವರ್ ಟ್ವೇಟ್. ಹಾಲ್ವರ್ ಜನ್ಮದಲ್ಲಿ ಒಂದು ಗುಂಡು ಎರೆದವನಲ್ಲ. ಎರೆದವಳು ಆತನ ಹೆಂಡತಿ ರಾಗ್ನಾ. ಚಳಿಗಾಲವಿಡೀ ಸೌದೆ ಒಲೆಯ ಮೇಲೆ ಒಂದು ಕಡೆ ಆಲೂಗಡ್ಡೆ ರೊಟ್ಟಿ ಬೇಯುತ್ತಿದ್ದರೆ ಇನ್ನೊಂದು ಕಡೆ ಸೀಸ ಕಾಯುತ್ತಿತ್ತು. ಕಿಟಕಿ ತೆರೆದಿಟ್ಟು, ತೊಗಲಿನ ಕೈಗವಸು ಹಾಕಿಕೊಂಡು, ಒಂದೊಂದೇ ಸೌಟು ಅಚ್ಚಿಗೆ ಹುಯ್ಯುತ್ತಿದ್ದವಳು ಆಕೆ. ಆರಿದ ಮೇಲೆ ಪ್ರತಿಯೊಂದನ್ನೂ ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುತ್ತಿದ್ದಳು. ಗೆರೆ ಬೀಳದಿದ್ದರೆ ಆ ಗುಂಡು ವಾಪಸ್ ಪಾತ್ರೆಗೆ.

1938ರಲ್ಲಿ ಒಂಬತ್ತು ವರ್ಷದ ಸಿಗ್ನೆ ಅಮ್ಮನ ಜೊತೆ ಕ್ಲಬ್ಬಿಗೆ ಹೋಗಿದ್ದಳು. ಅಮ್ಮ ಗಂಡಸರಿಗೆ ಕಾಫಿ ಬಗ್ಗಿಸುತ್ತಿದ್ದವಳು ಕೆಟಲ್ ಹಿಡಿದುಕೊಂಡೇ ಹಲಗೆಯ ಎದುರು ಒಂದು ಗಳಿಗೆ ನಿಂತಳು. ಬಣ್ಣ ಇನ್ನೂ ಹಸಿಯಿತ್ತು.

"ಅಮ್ಮಾ, ಎರಕ ಅಂತ ಇರೋ ಕಡೆ ಅಪ್ಪನ ಹೆಸರು ಯಾಕಿದೆ? ಎರಕ ಹುಯ್ಯೋಳು ನೀನಲ್ವಾ?"

"ಬಣ್ಣ ಸಾಲಲಿಲ್ವೇನೋ ಬಿಡೇ," ಎಂದಳು ರಾಗ್ನಾ. "ಆ ಕಪ್ಪು ತಗೊಂಡು ಬಾ ಈ ಕಡೆ."

ಅಷ್ಟೇ. ಆದರೆ ಹುಡುಗಿಯ ಎದೆಯಲ್ಲಿ ಆ ಮಾತು ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತು. ಎಂದಾದರೊಂದು ದಿನ ಆ ಎರಕದ ಕಲಮಿನಲ್ಲಿ ಟ್ವೇಟ್ ಮನೆಯ ಹೆಂಗಸಿನ ಹೆಸರು ಬರೆಸದಿದ್ದರೆ ತಾನು ತನ್ನ ಹೆಸರಿನವಳೇ ಅಲ್ಲ ಎಂದು ಆಗಲೇ ಹಟ ತೊಟ್ಟಳು.

ಹದಿನೇಳಕ್ಕೆ ಸಿಗ್ನೆ ಊರಿನ ವಾರಪತ್ರಿಕೆಯ ಅಚ್ಚುಕೂಟಕ್ಕೆ ಸೇರಿದಳು. ಅಲ್ಲಿದ್ದದ್ದು ಲೈನೋಟೈಪ್ ಯಂತ್ರ. ಕೀಲಿ ಒತ್ತಿದ ಹಾಗೆ ಕಾದ ಸೀಸದಿಂದ ಒಂದೊಂದು ಸಾಲನ್ನೂ ಎರೆದು ಉದುರಿಸುವ ದೈತ್ಯ. ಮೂವತ್ತೊಂದು ವರ್ಷ ಅದರ ಮುಂದೆ ಕೂತಳು. ಊರಿನ ಹುಟ್ಟು, ಸಾವು, ಮದುವೆ, ಕಳೆದುಹೋದ ಹಸು ಎಲ್ಲವೂ ಆಕೆಯ ಬೆರಳಿನ ಕೆಳಗೇ ಬಿಸಿಯಾಗಿ ಹುಟ್ಟಿದ್ದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಒಂದು ಯಂತ್ರದ ಬಾಯಿಗೆ ಹಾಕಿ ಸಾಕಾಗಿದೆ, ಇನ್ನೊಂದು ಹೊಟ್ಟೆ ತುಂಬ್ಸೋ ಶಕ್ತಿ ಇಲ್ಲ," ಎನ್ನುತ್ತಿದ್ದಳು.

ಅಚ್ಚಿನ ಸೀಸ ಬರೀ ಸೀಸವಲ್ಲ. ಅದರಲ್ಲಿ ಒಂದಿಷ್ಟು ತವರ, ಅದಕ್ಕಿಂತ ಹೆಚ್ಚು ಆಂಟಿಮನಿ ಎಂಬ ಗಡಸು ಲೋಹ. ಅಕ್ಷರ ಸವೆಯಬಾರದು, ಮೂಲೆ ಮೊಂಡಾಗಬಾರದು, ಅದಕ್ಕೇ ಕಲ್ಲಿನಂಥ ಗಟ್ಟಿ. ಮೇಜಿನ ಮೇಲೆ ಹಾಕಿದರೆ ಗಂಟೆ ಬಾರಿಸಿದ ಹಾಗೆ ಟಿಣ್ ಅನ್ನುತ್ತದೆ. ಉಗುರಿರಲಿ, ಮೊಳೆಯಿಂದ ಗೀರಿದರೂ ಜಗ್ಗುವುದಿಲ್ಲ. ಗಟ್ಟಿಯಾದದ್ದೇ ಒಳ್ಳೆಯ ಲೋಹ ಎಂಬುದು ಸಿಗ್ನೆಗೆ ಅನ್ನದ ಜೊತೆಗೇ ರಕ್ತಕ್ಕೆ ಇಳಿದಿತ್ತು. ಮನೆಗೆ ಬಂದು ಅಮ್ಮ ಉಗುರಿನಿಂದ ಗೀರುವುದನ್ನು ಕಂಡಾಗ ನಗುತ್ತಿದ್ದಳು.

"ಇದೇನಮ್ಮಾ, ಗುಂಡೋ ಬೆಣ್ಣೆಯೋ? ನಮ್ಮ ಆಫೀಸಿನ ಸೀಸ ನೋಡ್ಬೇಕು ನೀನು."

"ಗುಂಡು ಸ್ವಲ್ಪ ಬಗ್ಗಬೇಕು ಕಣೇ. ಬಗ್ಗದೆ ಇದ್ರೆ ನಳಿಗೆ ತುಂಬಲ್ಲ," ಎನ್ನುತ್ತಿದ್ದಳು ರಾಗ್ನಾ.

ಯಾರು ಕೇಳಬೇಕು? ಹಿತ್ತಲ ಗಿಡ ಮದ್ದಲ್ಲ. 1968ರಲ್ಲಿ ರಾಗ್ನಾ ತೀರಿಕೊಂಡಳು. 1977ರಲ್ಲಿ ಅಚ್ಚುಕೂಟಕ್ಕೆ ಹೊಸ ಯಂತ್ರ ಬಂದು ಹಳೆಯದನ್ನು ಗುಜರಿಗೆ ಹಾಕಿದರು. ಸೀಸವನ್ನು ಮಾತ್ರ ಸಿಗ್ನೆ ಕೇಳಿ ಪಡೆದು, ಪಿಕಪ್ಪಿನಲ್ಲಿ ಐದು ಸಲ ಹೇರಿಕೊಂಡು ಬಂದು ಕೊಟ್ಟಿಗೆಯಲ್ಲಿ ಪೇರಿಸಿದಳು. ಐದು ವರ್ಷದ ಮೇಲೆ ಅಪ್ಪನೂ ಹೋದ. ಆತನ ಕೋವಿಯೂ ಅಮ್ಮನ ಅಚ್ಚೂ ಆಕೆಯ ಪಾಲಿಗೆ ಬಂದವು. ಮರುವರ್ಷವೇ ಪಂದ್ಯಕ್ಕೆ ಇಳಿದಳು.

ಆಕೆ ಎರೆದ ಗುಂಡುಗಳನ್ನು ನೋಡಬೇಕಿತ್ತು! ಬೆಳ್ಳಿಯ ಹಾಗೆ ಫಳಫಳ, ಒಂದೊಂದು ಅಂಚೂ ಚೂರಿಯ ಹಾಗೆ ಚೂಪು. ಮೊದಲ ಐದು ಗುಂಡಿಗೆ ಕೋಣ ಐದು ಸಲವೂ ಮಗುಚಿ ಬೀಳುತ್ತಿತ್ತು. ಆರನೆಯದರಿಂದ ಶುರು ಗ್ರಹಚಾರ. ಒಂದು ಕೋಣದ ಬಾಲದ ಹಿಂದೆ ಮಣ್ಣೆಬ್ಬಿಸಿದರೆ ಇನ್ನೊಂದು ಕೊಂಬಿನ ಮೇಲೆ ಹಾರಿಹೋಗುತ್ತಿತ್ತು. ಪ್ರತಿ ವರ್ಷ ಒಂದೋ ಎರಡೋ ಗುಂಡಿನಲ್ಲಿ ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹನ್ನೊಂದು ವರ್ಷ ಅದೇ ಕಥೆ. ಗಾಳಿ ಅಂದಳು, ಹೆಗಲು ಅಂದಳು, ಮದ್ದು ತೇವ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಎಲ್ಲವನ್ನೂ ಬೈದಳು, ತನ್ನ ಸೀಸವನ್ನು ಬಿಟ್ಟು.

ಆ ಹನ್ನೊಂದರಲ್ಲಿ ಎಂಟು ಸಲ ಗೆದ್ದವನು ಡೆಲ್ಬರ್ಟ್ ಕ್ರಂಪ್. ಗೋಧಿ ಬೆಳೆಯುವವನು, ಸಿಗ್ನೆಯ ಜೊತೆ ಒಂದನೇ ಕ್ಲಾಸಿನಿಂದ ಓದಿದವನು, ನಾಲಿಗೆಗೆ ಮೂಳೆಯಿಲ್ಲದವನು.

"ಸಿಗ್ನೆ, ಇನ್ನೊಂದು ಲೋಟ ಆದ್ರೆ ಡಜನ್ ಆಗುತ್ತೆ. ಹೋಟ್ಲು ಇಟ್ಬಿಡು," ಎಂದ 1993ರ ಪಂದ್ಯ ಮುಗಿದಾಗ.

"ಇಡ್ತೀನಿ. ನಿನ್ನನ್ನೇ ಲೋಟ ತೊಳೆಯೋಕೆ ಇಟ್ಕೋತೀನಿ."

ನಗುತ್ತಲೇ ಹೇಳಿದಳು. ಆದರೆ ಆ ದಿನ ಆಕೆಯ ಕಣ್ಣು ಹಲಗೆಯ ಮೇಲೇ ಇತ್ತು. ಅದರ ಕೆಳತುದಿಯಲ್ಲಿ ಉಳಿದಿದ್ದದ್ದು ಒಂದೇ ಒಂದು ಸಾಲಿನ ಜಾಗ. ಮುಂದಿನ ವರ್ಷ ಅದೂ ತುಂಬುತ್ತದೆ. ಆಮೇಲೆ ಬೇರೆ ಹಲಗೆ, ಬೇರೆ ಗೋಡೆ. ಅಮ್ಮ ಕೆಟಲ್ ಹಿಡಿದು ನಿಂತು ನೋಡಿದ ಹಲಗೆಯಲ್ಲಿ ಹೆಂಗಸಿನ ಹೆಸರು ಬರುವುದಾದರೆ ಮುಂದಿನ ಸೆಪ್ಟೆಂಬರಿನಲ್ಲೇ ಬರಬೇಕಿತ್ತು.

ಏಪ್ರಿಲ್ ತಿಂಗಳಲ್ಲಿ ಸಿಗ್ನೆ ಅಡುಗೆಮನೆಯ ಪರದೆ ಒಗೆಯಲು ಇಳಿಸಿದಳು. ನೀಲಿ ಚೌಕುಳಿಯ ಪರದೆ, ಅಮ್ಮ ಹೊಲಿದದ್ದು. ಅದೆಷ್ಟೋ ಸಲ ಒಗೆದು ಜಾಲರಿಯಂತಾಗಿತ್ತು. ಪಕ್ಕದ ಮನೆಯ ಮಾವಿಸ್ ಮೇಜಿನ ಬಳಿ ಕೂತು ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿಕೊಳ್ಳುತ್ತಿದ್ದಳು. ನಲವತ್ತು ವರ್ಷದಿಂದ ಬೆಳಗಿನ ಕಾಫಿ ಇಲ್ಲೇ ಕುಡಿಯುವ ಗೆಳತಿ. ಪಂದ್ಯದಲ್ಲಿ ದುರ್ಬೀನು ಹಿಡಿದು ಗುಂಡು ಎಲ್ಲಿ ಬಿತ್ತೆಂದು ಹೇಳುವವಳೂ ಅವಳೇ.

ಪರದೆ ಎಳೆದ ರಭಸಕ್ಕೆ ಕೆಳಗಿನ ಮಡಿಕೆಯ ಹೊಲಿಗೆ ಪರ್ ಎಂದು ಬಿಚ್ಚಿತು. ಏನೋ ನೆಲಕ್ಕೆ ಬಿತ್ತು. ಒಂದಾದ ಮೇಲೊಂದು ನಾಲ್ಕು.

ಟಪ್. ಟಪ್. ಟಪ್. ಟಪ್.

ನಮ್ಮೂರಿನ ಗಾಳಿಗೆ ಪರದೆ ಹಾರಾಡದಿರಲೆಂದು ಹೆಂಗಸರು ಅಂಚಿನಲ್ಲಿ ಏನಾದರೂ ಭಾರ ಹೊಲಿಯುವುದುಂಟು. ರಾಗ್ನಾ ತನ್ನ ಗುಂಡುಗಳನ್ನೇ ಹೊಲಿದಿದ್ದಳು. ಸಿಗ್ನೆ ಒಂದನ್ನು ಎತ್ತಿಕೊಂಡಳು. ಮೂತಿಯ ಬಳಿ ಒಂದು ಸಣ್ಣ ಏಣು. ಅಚ್ಚಿಗೆ ಯಾವುದೋ ಕಾಲದಲ್ಲಿ ತಗುಲಿದ ಗಾಯದ ಗುರುತು, ಇವತ್ತಿಗೂ ಆಕೆಯ ಗುಂಡುಗಳ ಮೇಲೆ ಮೂಡುವ ಅದೇ ಏಣು. ಅಮ್ಮನದೇ, ಅನುಮಾನವೇ ಇಲ್ಲ.

ಆದರೆ ಆಕೆ ಮಿಸುಕದೆ ನಿಂತಿದ್ದು ಅದಕ್ಕಲ್ಲ. ಮೂವತ್ತೊಂದು ವರ್ಷ ಲೋಹದ ಸದ್ದು ಕೇಳಿದ ಕಿವಿ ಅದು.

"ಮಾವಿಸ್, ಈಗ ಇವು ಬಿದ್ದಾಗ ಯಾವ ಸದ್ದು ಬಂತು ಹೇಳು?"

"ಟಪ್ ಅಂತು. ಯಾಕೆ?"

ಸಿಗ್ನೆ ಗೂಡಿನಿಂದ ತಾನು ಎರೆದ ಹೊಳೆಯುವ ಗುಂಡೊಂದನ್ನು ತೆಗೆದು ಅದೇ ಜಾಗದಲ್ಲಿ ಬಿಟ್ಟಳು. ಟಿಣ್! ನೆಲದ ಮೇಲೆ ಪುಟಿದು ಒಲೆಯ ಕೆಳಗೆ ಹೋಯಿತು. ಅಮ್ಮನ ಗುಂಡಿನ ಮೇಲೆ ಹೆಬ್ಬೆರಳ ಉಗುರು ಎಳೆದಳು. ನೀಟಾಗಿ ಗೆರೆ ಬಿತ್ತು. ತನ್ನದರ ಮೇಲೆ ಎಳೆದಳು. ಉಗುರೇ ಮುರಿಯಿತು.

'ಬಗ್ಗದೆ ಇದ್ರೆ ನಳಿಗೆ ತುಂಬಲ್ಲ.'

ಆಗ ತಿಳಿಯಿತು, ಅದೂ ಒಂದೇ ಏಟಿಗೆ. ಕಪ್ಪುಮದ್ದಿನ ಗುದ್ದಿಗೆ ಮೆದು ಗುಂಡಿನ ಬುಡ ಉಬ್ಬಿ ನಳಿಗೆಯ ಒಳಗೋಡೆಯನ್ನು ತುಂಬಿಕೊಳ್ಳುತ್ತದೆ. ಆಕೆಯ ಗಟ್ಟಿ ಗುಂಡು ಉಬ್ಬುತ್ತಿರಲಿಲ್ಲ. ಸಂದಿನಲ್ಲಿ ಬೆಂಕಿ ನುಗ್ಗಿ, ಗುಂಡಿನ ಪಕ್ಕ ಕರಗಿ, ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತಿತ್ತು. ಐದು ಗುಂಡಿಗೆ ಸಾಕಷ್ಟು ಮೆತ್ತಿದ ಮೇಲೆ ಆರನೆಯದು ದಾರಿ ತಪ್ಪದೆ ಇನ್ನೇನು ಮಾಡೀತು? ಪ್ರತಿ ವರ್ಷ ಪಂದ್ಯದ ಮಾರನೆಯ ದಿನ ನಳಿಗೆಯಿಂದ ಕೆರೆದು ತೆಗೆಯುತ್ತಿದ್ದ ಸೀಸದ ಹಕ್ಕಳೆ ನೆನಪಾಯಿತು. ಕಣ್ಣೆದುರಿಗೇ ಇತ್ತು, ಕಾಣಲಿಲ್ಲ.

ಸಿಗ್ನೆ ಕುರ್ಚಿಗೆ ಕುಸಿದು ಅತ್ತುಬಿಟ್ಟಳು. "ನಕ್ಕಿದ್ದೆ ಕಣೇ ಮಾವಿಸ್. ಬೆಣ್ಣೆ ಅಂತ ನಕ್ಕಿದ್ದೆ ಅಮ್ಮನ್ನ. ಗಂಡ ಹೆಸರು ಕಿತ್ಕೊಂಡ, ಮಗಳು ಬುದ್ಧೀನೇ ತಳ್ಳಿಹಾಕಿದ್ಲು. ನಾನೇನು ಅಪ್ಪನಿಗಿಂತ ಹೆಚ್ಚಿನೋಳು?"

ಮಾವಿಸ್ ರೊಟ್ಟಿ ಅಗಿಯುವುದು ನಿಲ್ಲಿಸಲಿಲ್ಲ. "ಅತ್ತಿದ್ದು ಸಾಕು. ಸೆಪ್ಟೆಂಬರಿಗೆ ಇನ್ನು ಐದು ತಿಂಗ್ಳಿದೆ. ಮೆತ್ತನೆ ಸೀಸ ಯಾರ ಹತ್ರ ಇದೆ, ಅದು ಹೇಳು."

ಇದ್ದದ್ದು ಡೆಲ್ಬರ್ಟ್ ಹತ್ತಿರ. ಟೆಲಿಫೋನ್ ಕಂಪನಿಯವರು ಕಿತ್ತುಹಾಕಿದ ಹಳೆಯ ಕೇಬಲ್ಲಿನ ಹೊದಿಕೆ, ಅಪ್ಪಟ ಸೀಸ, ಕಣಜದ ಮೂಲೆಯಲ್ಲಿ ಸುರುಳಿ ಸುರುಳಿ ಬಿದ್ದಿತ್ತು. ಸಿಗ್ನೆ ಪಿಕಪ್ ತುಂಬ ಅಚ್ಚುಕೂಟದ ಸೀಸ ಹೇರಿಕೊಂಡು ಹೋಗಿ ಅವನ ಅಂಗಳದಲ್ಲಿ ನಿಲ್ಲಿಸಿದಳು.

"ನಿನ್ನ ಪಿಸ್ತೂಲಿಗೆ ಗಟ್ಟಿ ಗುಂಡು ಬೇಕು ಅಂತಿದ್ಯಲ್ಲ? ತಗೋ. ಇದಕ್ಕೆ ಎರಡರಷ್ಟು ಕೇಬಲ್ ಸೀಸ ಕೊಡು."

ಡೆಲ್ಬರ್ಟ್ ಟೋಪಿ ಹಿಂದಕ್ಕೆ ಸರಿಸಿ ಆಕೆಯನ್ನೇ ನೋಡಿದ. "ಅಂತೂ ಬುದ್ಧಿ ಬಂತು."

"ಅಂದ್ರೆ? ನಿಂಗೆ ಗೊತ್ತಿತ್ತಾ?"

"ಹನ್ನೊಂದು ವರ್ಷದಿಂದ ಗೊತ್ತು. ನಿನ್ನ ಗುಂಡು ಡಬ್ಬಿಲಿ ಅಲ್ಲಾಡಿದ್ರೇನೇ ಗಂಟೆ ಹೊಡ್ದಂಗಿರುತ್ತೆ."

"ಮತ್ತೆ ಒಂದು ಮಾತು ಹೇಳೋಕೆ ಏನು ದಾಡಿ ನಿಂಗೆ?"

"ನೀನು ಕೇಳಿದ್ಯಾ? ಕೇಳಿದ್ರೆ ಹೇಳ್ತಿದ್ದೆ," ಎಂದ ಡೆಲ್ಬರ್ಟ್. ಆಮೇಲೆ ಬೈಸಿಕೊಳ್ಳುತ್ತಲೇ ಸುರುಳಿಗಳನ್ನು ತಾನೇ ಹೊತ್ತು ತಂದು ಪಿಕಪ್ಪಿಗೆ ಹಾಕಿದ. ಒಂದು ಸುರುಳಿ ಜಾಸ್ತಿಯೇ ಹಾಕಿದ. ಆ ಮನುಷ್ಯನ ನಾಲಿಗೆ ಕೆಟ್ಟದ್ದು, ಕೈ ಅಲ್ಲ.

ಸೀಸವೇನೋ ಬಂತು. ಅಪ್ಪಟ ಸೀಸ ತೀರಾ ಮೆದು, ಅಚ್ಚಿನ ಮೂಲೆಗಳಿಗೆ ಸರಿಯಾಗಿ ಇಳಿಯುವುದಿಲ್ಲ, ಗುಂಡಿನ ಮೂತಿ ಸುಕ್ಕಾಗುತ್ತದೆ. ಚೂರು ತವರ ಬೇಕು. ತವರಕ್ಕೆ ಎಲ್ಲಿ ಹೋಗುವುದು ಎಂದು ಮಾವಿಸ್ ಕೇಳುವಷ್ಟರಲ್ಲಿ ಸಿಗ್ನೆಯ ಕಣ್ಣು ಗೂಡಿನ ಕಡೆ ತಿರುಗಿತ್ತು. ಹನ್ನೊಂದು ಲೋಟಗಳು ಹಲ್ಲು ಕಿರಿಯುತ್ತಿದ್ದವು.

"ಅಯ್ಯೋ, ಬೇಡ ಕಣೇ," ಎಂದಳು ಮಾವಿಸ್. "ಬಹುಮಾನ ಅವು."

"ಬಹುಮಾನಾನಾ? ಹನ್ನೊಂದು ವರ್ಷ ಇವು ನನ್ನನ್ನ ಸುಟ್ಟಿವೆ. ಈಗ ಇವುಗಳ ಸರದಿ!"

1983 ಮೊದಲು ಹೋಯಿತು. ಸುತ್ತಿಗೆಯಿಂದ ಚಪ್ಪಟೆ ಮಾಡಿ ಪಾತ್ರೆಗೆ ಹಾಕಿದಳು. 'ಎರಡನೇ' ಎಂಬ ಅಕ್ಷರ ಒಂದು ಕ್ಷಣ ತೇಲಿ, ಬಾಗಿ, ಮಾಯವಾಯಿತು. ಅಷ್ಟು ಸಂತೋಷ ಆಕೆಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಎಷ್ಟು ಸೀಸಕ್ಕೆ ಎಷ್ಟು ತವರ? ಅಮ್ಮ ಎಲ್ಲೂ ಬರೆದಿಟ್ಟಿರಲಿಲ್ಲ. ಮೇ ತಿಂಗಳಿಡೀ ಅದೇ ಕೆಲಸ. ಮೊದಲು ನಲವತ್ತಕ್ಕೆ ಒಂದು, ಆಮೇಲೆ ಮೂವತ್ತಕ್ಕೆ ಒಂದು, ಆಮೇಲೆ ಹದಿನಾರಕ್ಕೆ ಒಂದು. ಪ್ರತಿ ಪಾಕಕ್ಕೂ ಮಾವಿಸ್ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂರಬೇಕು. ಸಿಗ್ನೆ ಅಮ್ಮನ ಗುಂಡೊಂದು, ಹೊಸದೊಂದು, ಒಂದೇ ಎತ್ತರದಿಂದ ಬಿಡುವುದು.

"ಯಾವುದು ಅಮ್ಮಂದು?"

"ಮೊದಲನೇದು. ಎರಡನೇದು ಕೆಸರಿಗೆ ಬಿದ್ದಂಗಾಯ್ತು."

ಮಾರನೆಯ ದಿನ: "ಎರಡನೇದು ಅಮ್ಮಂದು. ಮೊದಲನೇದಕ್ಕೆ ಸ್ವಲ್ಪ ಸೊಕ್ಕು."

ಅದಾಗಿ ಒಂದು ವಾರಕ್ಕೆ, ಇಪ್ಪತ್ತಕ್ಕೆ ಒಂದು ಬೆರೆಸಿದ ದಿನ, ಮಾವಿಸ್ ತಲೆ ವಾಲಿಸಿ ಕಿವಿಗೊಟ್ಟಳು. "ಇನ್ನೊಂದ್ಸಲ ಬಿಡು," ಎಂದಳು. ಮತ್ತೆ ಬಿಟ್ಟಾಯಿತು. "ಇನ್ನೊಂದ್ಸಲ." ಕೊನೆಗೆ ಕಣ್ಣು ತೆರೆದು ತಿರುಗಿ, "ಗೊತ್ತಾಗ್ತಿಲ್ಲ ಮಾರಾಯ್ತಿ. ಎರಡೂ ಒಂದೇ," ಎಂದಳು.

ಸಿಗ್ನೆ ಎರಡರ ಮೇಲೂ ಉಗುರು ಎಳೆದಳು. ಒಂದೇ ಗೆರೆ. ತಕ್ಕಡಿಯಲ್ಲಿಟ್ಟಳು. ಕೂದಲಷ್ಟೂ ವ್ಯತ್ಯಾಸವಿಲ್ಲ. ಆಗ ಇನ್ನೊಂದು ನೆನಪೂ ಎದ್ದು ಬಂತು. ಸೀಸ ಅಳೆದು ಹಾಕುವಾಗ ಅಮ್ಮನ ತುಟಿ ಸದಾ ಅಲ್ಲಾಡುತ್ತಿತ್ತು. ಪ್ರಾರ್ಥನೆ ಹೇಳುತ್ತಿದ್ದಾಳೆ ಎಂದೇ ಮಗಳು ಅಂದುಕೊಂಡಿದ್ದಳು. ಅಮ್ಮ ಇಪ್ಪತ್ತರವರೆಗೆ ಎಣಿಸುತ್ತಿದ್ದಳು, ಅಷ್ಟೇ.

ಬೇಸಿಗೆಯಿಡೀ ಅಭ್ಯಾಸ ನಡೆಯಿತು. ಹತ್ತು ಗುಂಡು ಹೊಡೆದ ಮೇಲೂ ನಳಿಗೆ ಕನ್ನಡಿಯ ಹಾಗೆ ಸ್ವಚ್ಛ. ಆಗಸ್ಟ್ ಮುಗಿಯುವ ಹೊತ್ತಿಗೆ ಗೂಡಿನಲ್ಲಿ ಉಳಿದದ್ದು ಒಂದು ಲೋಟ. ಅಮ್ಮನ ನಾಲ್ಕು ಗುಂಡಿನಲ್ಲಿ ಮೂರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಂದಕ್ಕೆ ಕೊಬ್ಬು ಮೇಣ ಸವರಿ, ಮದ್ದು ತುಂಬಿದ ತೋಟಾಕ್ಕೆ ಕೂರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಳು. ಹೊಡೆಯಲಿಕ್ಕಲ್ಲ, ಸುಮ್ಮನೆ ಜೊತೆಗಿರಲಿ ಎಂದು.

ಪಂದ್ಯದ ದಿನ ಗಾಳಿ ಎಡದಿಂದ ಹದವಾಗಿ ಬೀಸುತ್ತಿತ್ತು. ಡೆಲ್ಬರ್ಟ್ ಮೊದಲೇ ಹೊಡೆದು ಎಂಟು ಸಲ ಕೋಣ ಕೆಡವಿ ಕೈ ಒರೆಸಿಕೊಂಡು ಕೂತಿದ್ದ. ಎಂಟೆಂದರೆ ಗೆಲುವು ಎಂದೇ ಲೆಕ್ಕ. ಸಿಗ್ನೆ ಚಾಪೆಯ ಮೇಲೆ ಕೂತಳು. ಪ್ರತಿ ಗುಂಡಿನ ನಂತರ ಊದುಕೊಳವೆಯಿಂದ ನಳಿಗೆಗೆ ಉಸಿರೂದಿ ಒಣಗಿದ ಮದ್ದಿನ ಮಸಿಯನ್ನು ಮೆತ್ತಗೆ ಮಾಡುವುದು, ಮತ್ತೆ ತುಂಬುವುದು. ಮೊದಲ ಐದಕ್ಕೂ ಕೋಣ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿಗ್ನೆಯ ಐದು ಎಲ್ಲರಿಗೂ ಗೊತ್ತಿದ್ದದ್ದೇ, ಆಟ ಇರುವುದು ಆರರಿಂದ.

ಆರು. ಹೊಗೆ ಎದ್ದಿತು.

"ಬಿತ್ತು!" ಎಂದಳು ಮಾವಿಸ್, ದುರ್ಬೀನಿಗೆ ಕಣ್ಣು ಅಂಟಿಸಿ. "ಎದೆಗೇ ಬಿತ್ತು ಕಣೇ!"

ಹಿಂದೆ ಕುರ್ಚಿಗಳು ಸರಿದ ಸದ್ದು. ಏಳನೆಯದಕ್ಕೂ ಬಿತ್ತು. ಎಂಟನೆಯದಕ್ಕೆ ಗಾಳಿ ಥಟ್ಟನೆ ನಿಂತು ಗುಂಡು ಬಾಲದ ಹಿಂದೆ ಹೋಯಿತು. ಒಂಬತ್ತು ಗೊರಸಿಗೆ ತಗುಲಿ ಕೋಣ ತೂಗಾಡಿ, ತೂಗಾಡಿ, ನಿಂತೇಬಿಟ್ಟಿತು. "ಅಯ್ಯೋ ನಿನ್ನ ಮನೆ ಹಾಳಾಗ!" ಎಂದು ಮಾವಿಸ್ ಆ ಕಬ್ಬಿಣಕ್ಕೇ ಶಾಪ ಹಾಕಿದಳು. ಸಿಗ್ನೆಗೆ ಹನ್ನೆರಡನೇ ಲೋಟ ಕಣ್ಣ ಮುಂದೆ ಬಂತು. ಆದರೆ ಈ ಸಲ ನಳಿಗೆ ಸ್ವಚ್ಛವಿದೆ, ಗುಂಡಿನ ಮೇಲೆ ತಪ್ಪಿಲ್ಲ, ಉಳಿದದ್ದು ತನ್ನ ಕೈ ಮತ್ತು ಗಾಳಿ ಮಾತ್ರ. ಉಸಿರು ಬಿಟ್ಟು ಹತ್ತನೆಯದನ್ನು ಹೊಡೆದಳು. ಕೋಣ ಬೆನ್ನಡಿಯಾಗಿ ಬಿತ್ತು.

ಎಂಟಕ್ಕೆಂಟು. ಸಮ.

ಸಮ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಗುಂಡು, ಒಬ್ಬರದು ಬಿದ್ದು ಇನ್ನೊಬ್ಬರದು ಬೀಳದಿರುವವರೆಗೆ. ಡೆಲ್ಬರ್ಟ್ ಮೊದಲು ಕೂತ. ಹೊಡೆದ. ಠಣ್ಣೆಂದು ಸದ್ದು ತಡವಾಗಿ ಬಂತು. ಕೋಣದ ಕೊಂಬಿಗೆ ತಗುಲಿತ್ತು. ಅಲ್ಲಾಡಿತು, ಬೀಳಲಿಲ್ಲ. ಡೆಲ್ಬರ್ಟ್ ಎದ್ದು ಜಾಗ ಬಿಟ್ಟ.

ಸಿಗ್ನೆ ಡಬ್ಬಿಗೆ ಕೈ ಹಾಕಿದಳು. ಅದರಲ್ಲಿ ತನ್ನ ತೋಟಾಗಳು ಇನ್ನೂ ನಾಲ್ಕಿದ್ದವು. ಕೈ ಅಲ್ಲೇ ನಿಂತಿತು. ಕೊನೆಗೆ ಕೋಣ ಕೆಡವಿದ ಗುಂಡನ್ನು ಎರೆದವರ ಹೆಸರು ತಾನೇ ಹಲಗೆಗೆ ಹೋಗುವುದು? ಡಬ್ಬಿ ಮುಚ್ಚಿ ಅಂಗಿಯ ಜೇಬಿಗೆ ಕೈ ಹಾಕಿದಳು.

ಮಾವಿಸ್ ಆಕೆಯ ತೋಳು ಹಿಡಿದುಕೊಂಡಳು. "ಹುಚ್ಚು ಹಿಡೀತೇನೇ ನಿಂಗೆ?" ಎಂದು ಪಿಸುಗುಟ್ಟಿದಳು. "ಐವತ್ತು ವರ್ಷ ಪರದೆ ಒಗೆದ ನೀರು ಕುಡಿದ ಗುಂಡು ಅದು! ನಿನ್ನದೇ ಹಾಕು. ಗೆದ್ರೆ ನಿನ್ನ ಹೆಸರು ಎರಡೂ ಕಡೆ ಬರುತ್ತಲ್ಲೇ!"

"ನನ್ನ ಹೆಸರು ಒಂದು ಕಡೆ ಸಾಕು."

"ತಪ್ಪಿದ್ರೆ?"

"ಯಾಕೆ ತಪ್ಪುತ್ತೆ? ಅದೇ ಅಚ್ಚು, ಅದೇ ಪಾಕ, ಅದೇ ತೂಕ. ನಿನ್ನ ಕಿವಿಯೇ ಹೇಳಲಿಲ್ವಾ ಎರಡೂ ಒಂದೇ ಅಂತ?"

ಮಾವಿಸ್ ದುರ್ಬೀನಿಗೆ ಕಣ್ಣಿಟ್ಟಳು. "ಗಾಳಿ ಎಡದಿಂದ. ಮೊದಲಿನಷ್ಟೇ. ಈಗ."

ಕೋವಿ ಹೆಗಲಿಗೆ ಒದೆಯಿತು. ಬಿಳಿ ಹೊಗೆ ಕಣ್ಣಿಗೆ ಅಡ್ಡ ಬಂತು. ಐನೂರು ಗಜ ದಾಟಲು ಗುಂಡಿಗೆ ಎಷ್ಟು ಹೊತ್ತು ಮಹಾ? ಸಿಗ್ನೆಗೆ ಮಾತ್ರ ಅಮ್ಮ ಇಪ್ಪತ್ತರವರೆಗೆ ಎಣಿಸಿ ಮುಗಿಸಿದಷ್ಟು ಹೊತ್ತಾಯಿತು. ಹೊಗೆ ಸರಿಯುವ ಮೊದಲೇ ಮಾವಿಸ್ ದುರ್ಬೀನನ್ನು ಕಾಲಿನಿಂದ ಒದ್ದು ಎದ್ದು ನಿಂತಿದ್ದಳು. "ಬಿತ್ತು! ಬಿತ್ತು ಕಣೇ ಸಿಗ್ನೆ, ನಾಲ್ಕೂ ಕಾಲು ಮೇಲೆ!" ಹಿಂದಿನಿಂದ ಎದ್ದ ಕೂಗಿಗೆ ಗೋಧಿ ಕಣಜದ ಪಾರಿವಾಳಗಳೆಲ್ಲ ಹಾರಿದವು.

ಕ್ಲಬ್ಬಿನ ಕಾರ್ಯದರ್ಶಿ ಗಸ್, ಬಣ್ಣದ ಡಬ್ಬಿ ಕುಂಚ ಹಿಡಿದು ಏಣಿ ಹತ್ತಿದ. ಉಳಿದಿದ್ದ ಒಂದೇ ಸಾಲಿನಲ್ಲಿ 1994 ಎಂದು ಬರೆದು, ಗುರಿ: ಸಿಗ್ನೆ ಟ್ವೇಟ್ ಎಂದು ಬರೆದ. "ಎರಕವೂ ನಿಂದೇ ತಾನೇ?" ಎಂದು ಕುಂಚ ಅದ್ದಿದ.

"ಅಲ್ಲ. ರಾಗ್ನಾ ಟ್ವೇಟ್ ಅಂತ ಬರಿ."

ಗಸ್ ಏಣಿಯ ಮೇಲೆಯೇ ತಿರುಗಿದ. ಸಿಗ್ನೆ ಪರದೆಯ ಕಥೆ ಹೇಳಿದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ತೀರಿಹೋದವರ ಹೆಸರು ಬರೆದ ರೂಢಿ ಇಲ್ಲವಲ್ಲ ಎಂದು ಯಾರೋ ಅಂದರು. ಗಸ್ ಕುಂಚ ಹಿಡಿದುಕೊಂಡು ಮಿಕಿಮಿಕಿ ನೋಡಿದ.

ಬಾಗಿಲ ಬಳಿ ನಿಂತಿದ್ದ ಡೆಲ್ಬರ್ಟ್ ಮುಂದೆ ಬಂದ. "ಆ ಮನೇಲಿ ಗುಂಡು ಎರೀತಿದ್ದದ್ದು ಯಾರು ಅಂತ ಆಗ ಊರಿಗೆಲ್ಲ ಗೊತ್ತಿತ್ತು. ನಾಲ್ಕು ಸಲ ಸುಳ್ಳು ಬರೆದ್ರಿ, ಒಬ್ಬರೂ ಕೆಮ್ಮಲಿಲ್ಲ. ಈಗ ನಿಜ ಬರೆಯೋಕೆ ಕೈ ನಡುಗುತ್ತಾ? ಸೋತಿರೋನು ನಾನು. ನಂಗೇ ಇಲ್ಲದ ತಕರಾರು ನಿಮಗ್ಯಾಕ್ರಯ್ಯಾ? ಬರಿ, ಗಸ್."

ಗಸ್ ಬರೆದ. ನಿಧಾನವಾಗಿ, ಒಂದೊಂದೇ ಅಕ್ಷರ. ಸಿಗ್ನೆ ಅಮ್ಮ ನಿಂತಿದ್ದ ಜಾಗದಲ್ಲೇ ನಿಂತು ನೋಡಿದಳು. ಬಣ್ಣ ಸಾಕಾಯಿತು. ಹೆಸರು ಮುಗಿದ ಮೇಲೂ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ಕಂಡು ಆಕೆ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ನಕ್ಕಳು.

ಡೆಲ್ಬರ್ಟ್‌ಗೆ ತವರದ ಲೋಟ ಕೊಟ್ಟರು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ನನ್ನ ಸೀಸದಲ್ಲೇ ನನ್ನನ್ನ ಹೊಡೆದ್ಯಲ್ಲೇ," ಎಂದ.

"ಒಂದು ಸುರುಳಿ ಜಾಸ್ತಿ ಹಾಕು ಅಂತ ನಾನು ಹೇಳಿದ್ನಾ?" ಎಂದು ಸಿಗ್ನೆ ಕೆಟಲ್ ತಂದು ಅವನ ಲೋಟಕ್ಕೆ ಬಿಸಿ ಕಾಫಿ ಬಗ್ಗಿಸಿದಳು.

ಮಾರನೆಯ ಬೆಳಗ್ಗೆ ಆಕೆ ಸೂಜಿದಾರ ಹಿಡಿದು ಪರದೆಯ ಅಂಚು ಹೊಲಿಯಲು ಕೂತಳು. ಮೂರು ಗುಂಡು ಅಮ್ಮನದು, ನಾಲ್ಕನೆಯದು ಈಗ ಗುಡ್ಡದ ಮಣ್ಣಿನಲ್ಲಿ ಎಲ್ಲೋ ಇತ್ತು. ಅದರ ಜಾಗಕ್ಕೆ ತಾನು ಎರೆದದ್ದೊಂದನ್ನು ಸೇರಿಸಿ, ನಾಲ್ಕನ್ನೂ ಮಡಿಲಲ್ಲಿ ಬೆರೆಸಿ, ಕೈಗೆ ಸಿಕ್ಕಿದ್ದನ್ನು ನೋಡದೆಯೇ ಅಂಚಿಗೆ ಹಾಕಿ ಹೊಲಿದಳು. ಪರದೆ ಏರಿಸಿ, ಕಿಟಕಿ ತೆರೆದಳು. ಗಾಳಿ ಬಂತು, ಪರದೆ ಹಾರಲಿಲ್ಲ. ಮಾವಿಸ್ ರೊಟ್ಟಿ ಸುತ್ತಿಕೊಳ್ಳುತ್ತಾ, "ಯಾವ ಮೂಲೇಲಿರೋದು ನಿಂದು?" ಎಂದು ಕೇಳಿದಳು. ಸಿಗ್ನೆ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿನಲ್ಲಿ ಹಿಸುಕಿ ನೋಡಿದಳು. ಆಕೆಗೂ ಗೊತ್ತಾಗಲಿಲ್ಲ.